ಸಣ್ಣಸ್ವಾಮಿಯ ಬಾಗುವ ಫ್ಯಾನು

ತಿತಿಮತಿಯಲ್ಲಿ ಸಣ್ಣಸ್ವಾಮಿಯ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಾರೆ. ಪಂಪ್ ಸ್ವಾಮಿ ಎಂದರೆ ಬೀಡಾ ಅಂಗಡಿಯವನು ಕೂತಲ್ಲಿಂದಲೇ ಕೈ ತೋರಿಸುತ್ತಾನೆ. ತಗಡಿನ ಮಾಡು, ಮುಂದೆ ಒಂದು ಬೆಂಚು, ನೆಲವೆಲ್ಲ ಎಣ್ಣೆ. ಔಷಧಿ ಹೊಡೆಯುವ ಪಂಪು, ಕಳೆ ಕತ್ತರಿಸುವ ಮೆಷಿನ್, ಮರ ಕೊಯ್ಯುವ ಗರಗಸ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮೋಟಾರು, ಸುತ್ತಲಿನ ಎಸ್ಟೇಟುಗಳಲ್ಲಿ ಕೆಟ್ಟು ಕೂತದ್ದೆಲ್ಲ ಕಡೆಗೆ ಅಲ್ಲಿಗೇ ಬರುತ್ತದೆ. ಈ ಮನುಷ್ಯ ಒಂದು ವಿಮಾನ ಕಟ್ಟಿದ. ಮನುಷ್ಯರನ್ನು ಹೊರುವಂಥದ್ದಲ್ಲ, ಎರಡು ಕೈ ಚಾಚಿದರೆ ಎಷ್ಟಾಗುತ್ತದೋ ಅಷ್ಟು ಅಗಲದ್ದು. ಅದು ನಿಂತಲ್ಲಿಂದ ನೇರ ಮೇಲೆ ಏಳಬೇಕು, ಮೇಲೆ ಹೋದ ಮೇಲೆ ರೆಕ್ಕೆಯ ತುದಿಯ ಫ್ಯಾನುಗಳನ್ನು ಮುಂದಕ್ಕೆ ಬಾಗಿಸಿಕೊಂಡು ಹದ್ದಿನ ಹಾಗೆ ಸಾಗಬೇಕು. ಪತ್ರಿಕೆಯವನೊಬ್ಬ ಬಂದು ಫೋಟೋ ಹೊಡೆದು ‘ಗ್ರಾಮೀಣ ಪ್ರತಿಭೆ’ ಎಂದು ಬರೆದ. ಹಾಗೆ ಬರೆಯುವವರಿಗೆ ಮನುಷ್ಯ ಏನನ್ನು ಯಾಕೆ ಮಾಡಿದ ಎಂಬುದು ಬೇಕಾಗಿರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸಣ್ಣಸ್ವಾಮಿಯ ಅಪ್ಪ ಹುಣಸೂರು ಕಡೆಯವನು. ಕುಶಾಲನಗರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಊರಿಗೆ ಬಂದು ನೆಲೆಯೂರಿದ. ಜಮೀನು ಅಣ್ಣತಮ್ಮಂದಿರಿಗೆ ಸಾಲದೆ ಸಣ್ಣಸ್ವಾಮಿ ಕೈಕಸುಬು ಹುಡುಕಿಕೊಂಡು ದಕ್ಷಿಣಕ್ಕೆ ಇಳಿದ. ವಿರಾಜಪೇಟೆಯಲ್ಲಿ ಒಬ್ಬ ಮಲಯಾಳಿ ಮೇಸ್ತ್ರಿಯ ಕೈಕೆಳಗೆ ಪಂಪು ಬಿಚ್ಚುವುದನ್ನು ಕಲಿತ. ಆಮೇಲೆ ತಿತಿಮತಿಗೆ ಬಂದು ಅಂಗಡಿ ಹಾಕಿದ. ಹೆಂಡತಿ ರಾಮಮ್ಮ ಪಾಲಿಬೆಟ್ಟ ರಸ್ತೆಯ ದೊಡ್ಡ ಎಸ್ಟೇಟೊಂದರಲ್ಲಿ ಕಾಫಿ ಕೊಯ್ಯುವ ಪಿಕ್ಕಿಂಗ್ ಗ್ಯಾಂಗಿಗೆ ಹೋಗುತ್ತಾಳೆ. ಗಂಡನ ಅಂಗಡಿ ನಡೆಯುತ್ತದಲ್ಲ, ನೀನ್ಯಾಕೆ ಹೋಗುತ್ತೀ ಎಂದು ಕೇಳಿದರೆ, ಆ ಮನುಷ್ಯನ ಅಂಗಡಿ ನಂಬಿಕೊಂಡರೆ ಊಟಕ್ಕೆ ಗ್ರೀಸೇ ಗತಿ ಎನ್ನುತ್ತಾಳೆ.

ಇಲ್ಲಿ ಎಸ್ಟೇಟಿನ ಒಳಗೇ ಆನೆ ಇರುತ್ತದೆ. ಕಾಡಿನಿಂದ ಬಂದು ಹೋಗುವುದು ಹಳೆಯ ಮಾತಾಯಿತು. ಈಗ ಅವು ರೊಬಸ್ಟಾ ಕಾಫಿಯ ಪೊದೆಗಳ ನಡುವೆಯೇ ಹಗಲು ಕಳೆಯುತ್ತವೆ, ಎಸ್ಟೇಟಿನ ಕೆರೆಯಲ್ಲೇ ನೀರು ಕುಡಿಯುತ್ತವೆ, ಅಲ್ಲೇ ಮರಿ ಹಾಕುತ್ತವೆ. ಬೆಳಗ್ಗೆ ಮಂಜು ಸರಿಯುವ ಮೊದಲು ಹೆಂಗಸರು ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಒಳಗೆ ಹೋಗಬೇಕು. ಹೋಗುವ ಮೊದಲು, ಹಾಜರಿ ಬರೆಯುವ ರೈಟರ್ ಒಂದು ಪಟಾಕಿ ಹೊಡೆದು, ಏನೂ ಇಲ್ಲ ಹೋಗಿ ಎನ್ನುತ್ತಾನೆ. ಪಟಾಕಿಗೆ ಹೆದರುವ ಆನೆ ಈಗ ಯಾವ ಎಸ್ಟೇಟಿನಲ್ಲೂ ಇಲ್ಲ. ಒಂದು ದಿನ ಎರಡು ಗಿಡದ ಆಚೆ ರಾಮಮ್ಮನಿಗೆ ಆನೆ ಎದುರಾಯಿತು. ಅವಳು ನೀರು ಹರಿಯುವ ತೋಡಿಗೆ ಬಿದ್ದದ್ದರಿಂದ ಉಳಿದಳು. ಬಿದ್ದವಳ ಮೇಲಿಂದಲೇ ಅದು ದಾಟಿ ಹೋಯಿತು. ಮನೆಗೆ ಬಂದು ಕೆಸರು ತೊಳೆದುಕೊಂಡು, ಮರುದಿನ ಮತ್ತೆ ಕೆಲಸಕ್ಕೆ ಹೋದಳು. ಸಣ್ಣಸ್ವಾಮಿಗೆ ಮಾತ್ರ ಆ ಬೆಳಗು ದಾಟಲೇ ಇಲ್ಲ. ಗ್ಯಾಂಗು ಒಳಗೆ ಕಾಲಿಡುವ ಮೊದಲು ಯಾರಾದರೂ ಮೇಲಿನಿಂದ ನೋಡಿ ಹೇಳಬೇಕು ಎಂಬ ಒಂದೇ ಹಠ ಅವನ ತಲೆಗೆ ಹತ್ತಿತು.

ನಮ್ಮ ತೋಟ ಕಾರ್ಮಿಕರ ಸಂಘದ ಬೇಡಿಕೆಯೂ ಅದೇ ಆಗಿತ್ತು. ಆನೆ ಇಲ್ಲ ಎಂದು ಖಾತ್ರಿಯಾಗುವ ತನಕ ಕೆಲಸಗಾರರು ಲೈನಿನಲ್ಲೇ, ತಮ್ಮ ಸಾಲುಮನೆಗಳ ಹತ್ತಿರವೇ, ಕಾಯುತ್ತಾರೆ, ಕಾದ ಹೊತ್ತೂ ಕೆಲಸದ ಹೊತ್ತೇ. ರಾಮಮ್ಮ ಕೆಲಸ ಮಾಡುವ ಎಸ್ಟೇಟಿನ ಮ್ಯಾನೇಜರ್ ನವೀನ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಸಲೀಸಾಗುತ್ತಿತ್ತು. ಖಾತ್ರಿ ಮಾಡುವವರು ಯಾರು ಎಂದು ಅವನು ಕೇಳಿದ. ಅರಣ್ಯ ಇಲಾಖೆಯವರ ಡ್ರೋನ್ ತಂದು ನೋಡಿದ್ದ. ನಾಲ್ಕು ಫ್ಯಾನಿನ ಆ ಡ್ರೋನು ತೋಟದ ಒಂದು ಬ್ಲಾಕು ನೋಡಿ ಮುಗಿಸುವುದರೊಳಗೆ ಅದರ ಬ್ಯಾಟರಿ ಕೂತುಬಿಡುತ್ತಿತ್ತು. ಎಸ್ಟೇಟು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದೆ. ರೆಕ್ಕೆಯ ವಿಮಾನವಾದರೆ ಕಡಿಮೆ ಬ್ಯಾಟರಿಯಲ್ಲಿ ದೂರ ಹೋಗುತ್ತದೆ, ಆದರೆ ಅದನ್ನು ಓಡಿಸಿ ಎಬ್ಬಿಸಲಿಕ್ಕೂ ಇಳಿಸಲಿಕ್ಕೂ ಬಯಲು ಬೇಕು. ಸಿಲ್ವರ್ ಓಕ್ ಮರಗಳ ನಡುವೆ ಬಯಲೆಲ್ಲಿದೆ? ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಮಾತುಕತೆಯನ್ನು ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಹೇಳುತ್ತಿದ್ದಾಗ ಸಣ್ಣಸ್ವಾಮಿ ಕಾರ್ಬೊರೇಟರ್ ಊದುವುದನ್ನು ನಿಲ್ಲಿಸಿದ.

“ಏಳೋವಾಗ ಡ್ರೋನು, ಓಗೋವಾಗ ವಿಮಾನ. ಅಂಗಿದ್ರೆ ಆಯ್ತದಲ್ಲಣ್ಣ?”

ನಾನು ನಕ್ಕೆ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಕುಶಾಲಪ್ಪ ನಗಲಿಲ್ಲ.

ಕುಶಾಲಪ್ಪ ವಾಯುಸೇನೆಯಲ್ಲಿ ಹೆಲಿಕಾಪ್ಟರುಗಳ ರಿಪೇರಿ ಮಾಡಿ ನಿವೃತ್ತನಾದವನು. ಪಾಲಿಬೆಟ್ಟದ ಹತ್ತಿರ ಸಣ್ಣ ತೋಟವಿದೆ. ಒಬ್ಬಂಟಿ. ಕಳೆ ಮೆಷಿನ್ ಕೆಡದಿದ್ದರೂ ಕೆಟ್ಟಿದೆ ಎಂದು ಹೇಳಿಕೊಂಡು ಸಣ್ಣಸ್ವಾಮಿಯ ಅಂಗಡಿಗೆ ಬರುವವನು. ಬಾಯಿ ಮಾತ್ರ ಮೆಣಸಿನ ಬಳ್ಳಿ. ಅವನು ಹೇಳಿದ, ಈ ಐಡಿಯಾ ನಿನ್ನದಲ್ಲ, ನಿನ್ನ ಅಪ್ಪ ಹುಟ್ಟುವ ಮೊದಲೇ ಜನ ಇದನ್ನು ಕಾಗದದ ಮೇಲೆ ಬರೆದಿದ್ದರು. ಇಂಗ್ಲೆಂಡಿನಲ್ಲಿ ಒಬ್ಬ ಚಿತ್ರ ಬರೆದು ಪೇಟೆಂಟ್ ತೆಗೆದುಕೊಂಡ, ಕಟ್ಟಲು ಯಾರೂ ದುಡ್ಡು ಕೊಡಲಿಲ್ಲ. ಜರ್ಮನಿಯವರು ಯುದ್ಧದ ಕಾಲಕ್ಕೆ ಮರದಲ್ಲಿ ಅಷ್ಟೇ ದೊಡ್ಡ ಮಾದರಿ ಮಾಡಿ ನಿಲ್ಲಿಸಿದರು, ಮೇಲಿನಿಂದ ಬಾಂಬು ಬಿದ್ದು ಅದು ಹೋಯಿತು. ಯುದ್ಧ ಮುಗಿದ ಮೇಲೆ ಅಮೆರಿಕದ ಸಣ್ಣ ಕಂಪನಿಯೊಂದು ನಿಜಕ್ಕೂ ಹಾರಿಸಿತು. ಫ್ಯಾನು ಹೆಚ್ಚುಕಮ್ಮಿ ಪೂರ್ತಿ ಮುಂದಕ್ಕೆ ಬಾಗುವ ತನಕ ಎಲ್ಲ ಸರಿಯಿತ್ತು. ಆಮೇಲೆ ಅದು ನೀರಿಗೆ ಬಿತ್ತು.

ಸಣ್ಣಸ್ವಾಮಿ ಕೇಳಿದ್ದು ಒಂದೇ ಪ್ರಶ್ನೆ, ಕಡೆಗೆ ಹಾರಿತಾ ಎಂದು. ಹಾರಿತು ಎಂದ ಕುಶಾಲಪ್ಪ. ಸಣ್ಣಸ್ವಾಮಿಗೆ ಅಷ್ಟು ಸಾಕಿತ್ತು. ಮಿಕ್ಕ ಅರ್ಧ ಕಥೆಯನ್ನು ಅವನು ಆವತ್ತು ಕೇಳಲಿಲ್ಲ. ಕುಶಾಲಪ್ಪನಿಗೂ ಕೇಳದವನಿಗೆ ಹೇಳುವ ಅಭ್ಯಾಸವಿರಲಿಲ್ಲ.

ಔಷಧಿ ಹೊಡೆಯುವ ದೊಡ್ಡ ಡ್ರೋನೊಂದು ಮರಕ್ಕೆ ಬಡಿದು ಅಂಗಡಿಗೆ ಬಂದಿತ್ತು. ರಿಪೇರಿಯಾಗುವ ಹಾಗಿರಲಿಲ್ಲ. ಅದರ ಮೋಟಾರುಗಳನ್ನು ಸಣ್ಣಸ್ವಾಮಿ ಬಿಚ್ಚಿಟ್ಟುಕೊಂಡ. ರೆಕ್ಕೆಗೆ ಥರ್ಮಾಕೋಲು, ಅದರೊಳಗೆ ಅಲ್ಯೂಮಿನಿಯಂ ಪೈಪು. ಸಮತೋಲನ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಬೋರ್ಡನ್ನು ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ. ಮೊದಲ ಸಲ ಅವನು ಫ್ಯಾನುಗಳನ್ನು ಬಾಗಿಸುವ ಗೋಜಿಗೇ ಹೋಗಲಿಲ್ಲ, ಮೇಲಕ್ಕೆತ್ತಲು ನಾಲ್ಕು, ಮುಂದಕ್ಕೆ ತಳ್ಳಲು ಬೇರೆ ಒಂದು ಎಂದು ಹಾಕಿದ. ಅದು ಗೂಡಂಗಡಿಯ ಹಾಗೆ ಭಾರವಾಯಿತು, ಎದ್ದದ್ದೇ ಕಷ್ಟ. ಎರಡನೆಯದರಲ್ಲಿ ರೆಕ್ಕೆಯ ತುದಿಗೆ ಎರಡು ಫ್ಯಾನು, ಬಾಲಕ್ಕೊಂದು. ಗುಂಡಿ ಒತ್ತಿದರೆ ತುದಿಯ ಎರಡೂ ಮುಂದಕ್ಕೆ ಬಾಗುತ್ತಿದ್ದವು. ಒಂದೇ ಏಟಿಗೆ ಬಾಗಿಸಿದ. ರೆಕ್ಕೆಗೆ ಇನ್ನೂ ಗಾಳಿ ಸಿಕ್ಕಿರಲಿಲ್ಲ, ಫ್ಯಾನು ಎತ್ತುವುದನ್ನು ಬಿಟ್ಟಿತ್ತು, ಕಲ್ಲು ಬಿದ್ದ ಹಾಗೆ ಗದ್ದೆಗೆ ಬಿತ್ತು. ಆ ಗದ್ದೆಯ ಬದುವಿನ ಮೇಲೆ ಕೆಲಸ ಬಿಟ್ಟು ಹೋಗುತ್ತಿದ್ದ ಗ್ಯಾಂಗು ನಿಂತು ನೋಡುತ್ತಿತ್ತು. ಅದರಲ್ಲಿ ಮಾರಿ ಎಂಬ ಮುದುಕಿ ಇದ್ದಳು, ಕಾಡಂಚಿನ ಗಿರಿಜನ ಹಾಡಿಯವಳು, ಗ್ಯಾಂಗಿನಲ್ಲೆಲ್ಲ ಹಿರಿಯಳು, ರಾಮಮ್ಮನ ಜೊತೆ ಒಂದೇ ಸಾಲಿನಲ್ಲಿ ಕೊಯ್ಯುವವಳು.

“ಪಂಪಣ್ಣ, ನಿನ್ನ ಹಕ್ಕಿ ಮೊಟ್ಟೆ ಇಡ್ತದಾ, ಇಲ್ಲಾ ಹಿಂಗೇ ಬೀಳ್ತಾನೇ ಇರ್ತದಾ?”

“ಇಡ್ತದೆ ಮಾರವ್ವ. ನಿನ್ ಗೋಣಿ ಒಳಗೇ ಇಡ್ತದೆ,” ಎಂದ ಸಣ್ಣಸ್ವಾಮಿ.

ಹೆಂಗಸರೆಲ್ಲ ನಕ್ಕರು. ರಾಮಮ್ಮ ಮಾತ್ರ, ಮನೇಲಿ ಒಲೆ ಕಡ್ಡಿಗೆ ಎದ್ದು ಹೋಗದ ಮನುಷ್ಯ ಗದ್ದೆಗೆ ಹತ್ತು ಸಲ ಓಡ್ತಾನೆ ಎಂದು ಗೊಣಗಿದಳು. ಆದರೆ ಮುರಿದ ರೆಕ್ಕೆಯನ್ನು ತಲೆಯ ಮೇಲೆ ಹೊತ್ತು ಅಂಗಡಿಗೆ ತಂದವಳೂ ಅವಳೇ.

ನಿಧಾನ ಬಾಗಿಸಬೇಕು, ಬಾಗುತ್ತಾ ಬಾಗುತ್ತಾ ವೇಗ ಹಿಡಿಯಬೇಕು, ವೇಗ ಬಂದಂತೆ ರೆಕ್ಕೆ ಭಾರ ಹೊರಬೇಕು ಎಂಬುದು ಅವನಿಗೆ ಬಿದ್ದೂ ಬಿದ್ದೂ ಗೊತ್ತಾಯಿತು. ಮೂರನೆಯದು ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಬಾಗಿದ ಫ್ಯಾನಿನಲ್ಲಿ ಗದ್ದೆ ಸುತ್ತಿ ಬಂದು ಹೊರಟಲ್ಲೇ ಇಳಿಯಿತು. ಆಗ ನವೀನ್ ಗಂಭೀರವಾಗಿ ನೋಡತೊಡಗಿದ. ಮಾಲೀಕರಿಗೆ ಹೇಳಿ, ಪ್ರಾಣಿಯ ಮೈಬಿಸಿ ಕಾಣುವ ಕ್ಯಾಮೆರಾ ತರಿಸಿಕೊಟ್ಟ. ಮರದ ನೆರಳಿನಡಿ ಆನೆ ನಿಂತಿದ್ದರೂ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಹುತ್ತರಿ ಹಬ್ಬ ಕಳೆದ ಮೇಲೆ, ಗದ್ದೆ ಕೊಯ್ಲಾದ ಮೇಲೆ, ಮಾಲೀಕರ ಎದುರಿಗೆ ಒಂದು ಸಲ ಹಾರಿಸಿ ತೋರಿಸಬೇಕು. ಎಸ್ಟೇಟು ಪೂರ್ತಿ ಸುತ್ತಿ ವಾಪಸ್ಸು ಬಂದರೆ ಈ ಪಿಕ್ಕಿಂಗಿನಿಂದಲೇ ನಮ್ಮ ಬೇಡಿಕೆಗೆ ಅವರ ಒಪ್ಪಿಗೆ. ಕೈ ಕುಲುಕಿ ಹೇಳಿದ ಮಾತು. ಬೇಡಿಕೆ ಇಟ್ಟುಕೊಂಡು ಗೇಟಿನ ಮುಂದೆ ಎಷ್ಟೋ ವರ್ಷ ಕೂತವರು ನಾವು. ಒಂದು ಥರ್ಮಾಕೋಲಿನ ಹಕ್ಕಿಯ ಮೇಲೆ ಅದು ನಿಂತಿತು ಎಂದಾಗ ಸಂಘದಲ್ಲಿ ಕೆಲವರಿಗೆ ಸಿಟ್ಟು ಬಂತು. ನಾನು, ಹಾರಲಿ ಬಿಡಿ ಎಂದೆ.

ಈಗ ರಬ್ಬರಿನ ವಿಷಯ. ನಮ್ಮ ಕಡೆಯ ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ನೋಡಿ, ಅವನ ಅಂಗಡಿಯಲ್ಲಿ ಹಳೆಯ ಲಾರಿ ಟ್ಯೂಬು ನೇತಾಡುತ್ತಿರುತ್ತದೆ. ಪಂಪು ಅದುರಿದರೆ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿ ಬೋಲ್ಟಿನ ಅಡಿಗೆ ಇಡುವುದು. ಪಲ್ಪರ್ ಸದ್ದು ಮಾಡಿದರೆ ಒಂದು ತುಂಡು. ಜನರೇಟರು ನೆಲದ ಮೇಲೆ ನಡೆದಾಡಿದರೆ ನಾಲ್ಕು ತುಂಡು. ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಮೆತ್ತಗಿನದೊಂದು ಇದ್ದರೆ ಎರಡೂ ಬಾಳುತ್ತವೆ ಎಂಬುದು ಇವರ ಧರ್ಮ. ಹತ್ತರಲ್ಲಿ ಒಂಬತ್ತು ರಿಪೇರಿ ಇದರಲ್ಲೇ ಮುಗಿಯುತ್ತದೆ. ಸಣ್ಣಸ್ವಾಮಿ ಕೈಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಕಣ್ಣು ಬೇರೆ ಕಡೆ ಇದ್ದರೂ ಕತ್ತರಿ ಟ್ಯೂಬಿಗೆ ಹೋಗುತ್ತಿತ್ತು. ವಿಮಾನದ ಎರಡು ಫ್ಯಾನಿನ ಮೋಟಾರುಗಳ ಅಡಿಗೂ ಅವನು ರಬ್ಬರ್ ಇಟ್ಟಿದ್ದ. ಮೇಲೆ ನಿಂತಾಗ ಅದು ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು, ಚಿತ್ರ ಅಲುಗುತ್ತಿರಲಿಲ್ಲ.

ಕುಶಾಲಪ್ಪ ಒಂದು ದಿನ ಬಂದು ಮೋಟಾರನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದ. ರಬ್ಬರ್ ಕಂಡಿತು. ಅವನ ಬಾಯಿ ಬಿಚ್ಚಿತು.

“ಇದು ನಿನ್ನ ಔಷಧಿ ಪಂಪಲ್ಲ ಮಾರಾಯ. ಪಂಪ್‌ಸೆಟ್ ಬುದ್ಧಿ ಇಲ್ಲಿ ತರಬೇಡ. ತೆಗಿ ಅದನ್ನು.”

ಯಾಕೆ ಎಂದು ಸಣ್ಣಸ್ವಾಮಿ ಕೇಳಿದ. ಆವತ್ತು ಕುಶಾಲಪ್ಪ ಕಥೆಯ ಮಿಕ್ಕ ಅರ್ಧ ಹೇಳಿದ, ಆದರೆ ಹೇಳುವ ರೀತಿಯಲ್ಲಿ ಹೇಳಲಿಲ್ಲ. ಅಮೆರಿಕದ ಇನ್ನೊಂದು ಕಂಪನಿ ಮಾಡಿದ್ದಕ್ಕೆ ಮೊದಲು ಮೂರು ಎಲೆಯ ದೊಡ್ಡ ಫ್ಯಾನುಗಳಿದ್ದವು. ಬಾಗುವಾಗ ನಡುಕ ಬಂತು, ಬಿತ್ತು, ಓಡಿಸುವವನ ಮೈ ನುಜ್ಜಾಯಿತು. ಆಮೇಲೆ ಅವರು ಎಲೆ ಎರಡೇ ಮಾಡಿದರು, ಗಿಡ್ಡ ಮಾಡಿದರು, ಹಿಡಿತ ಬಿಗಿ ಮಾಡಿದರು, ರೆಕ್ಕೆಗೆ ಊರುಗೋಲು ಕೊಟ್ಟರು. ಆಗ ಬಾಗಿ ಹಾರಿತು. ಅಷ್ಟಾದರೂ ವೇಗ ಹೆಚ್ಚಿಸಿದರೆ ನಡುಕ ಕಾಯ್ದುಕೊಂಡೇ ಇತ್ತು. ಎಷ್ಟೋ ವರ್ಷದ ಮೇಲೆ ದೊಡ್ಡ ಗಾಳಿ ಸುರಂಗದಲ್ಲಿ ನಿಲ್ಲಿಸಿ ನೋಡುವಾಗ ರೆಕ್ಕೆಯ ತುದಿಯಿಂದ ಫ್ಯಾನೇ ಕಿತ್ತುಹೋಯಿತು. ಅದರ ಮುಂದಿನದನ್ನು ಕಟ್ಟುವಾಗ ರೆಕ್ಕೆಯನ್ನು ದಪ್ಪಗೆ, ಬಾಗದ ಹಾಗೆ ಕಟ್ಟಿದರು. ತಿರುಗುವ ಬುಗುರಿ ಬೀಳುವ ಮೊದಲು ತಲೆ ತೂಗುತ್ತದಲ್ಲ, ಮೆತ್ತಗಿನ ಬುಡದ ಮೇಲೆ ಕೂತ ಫ್ಯಾನು ವೇಗದಲ್ಲಿ ಹಾಗೆ ತೂಗುತ್ತದೆ. ಎದುರು ಗಾಳಿ ಅದನ್ನು ನಿಲ್ಲಿಸುವುದಿಲ್ಲ, ಇನ್ನೂ ತೂಗಿಸುತ್ತದೆ. ಇಷ್ಟನ್ನೂ ಅವನು ಹೇಳಿದ್ದು ನಡುನಡುವೆ, ನಿನಗೆಲ್ಲಿ ತಿಳಿಯುತ್ತದೆ, ನೀನು ಪ್ಲಗ್ಗು ಉಜ್ಜಿಕೊಂಡಿರು ಎಂದು ಸೇರಿಸಿಕೊಂಡು. ಬೆಂಚಿನ ಮೇಲೆ ಗಿರಾಕಿಗಳಿದ್ದರು. ಅವರು ನಕ್ಕರು. ಸಣ್ಣಸ್ವಾಮಿ ತಲೆ ಬಗ್ಗಿಸಿ, ಆಯ್ತು ಬುಡಿ ಸಾರ್, ತೆಗೀತೀನಿ ಎಂದ. ಕುಶಾಲಪ್ಪನ ಎದುರಿಗೇ ರಬ್ಬರ್ ತೆಗೆದು ಮೋಟಾರನ್ನು ನೇರ ಲೋಹಕ್ಕೆ ಬಿಗಿದ.

ಬಿಗಿದದ್ದರಿಂದ ಒಂದು ತೊಂದರೆಯಾಯಿತು. ಅದುರಾಟವೆಲ್ಲ ರೆಕ್ಕೆಯ ಮೂಲಕ ಕ್ಯಾಮೆರಾಕ್ಕೆ ಬಂತು. ಮಾಲೀಕರು ಬರುವ ಹಿಂದಿನ ದಿನ ನವೀನ್ ಬಂದು ಚಿತ್ರ ತೋರಿಸು ಎಂದ. ಸಣ್ಣಸ್ವಾಮಿ ಮೇಲೆ ನಿಲ್ಲಿಸಿ ತೋರಿಸಿದ. ಪರದೆಯ ಮೇಲೆ ಎಲ್ಲ ಕಲಸಿದ ರಾಗಿ ಅಂಬಲಿ.

“ಇದ್ರಲ್ಲಿ ಆನೆನೂ ಒಂದೇ, ಬಂಡೆನೂ ಒಂದೇ ಸ್ವಾಮಿ. ಇದನ್ನ ತೋರಿಸಿದ್ರೆ ನನ್ನೂ ನಿನ್ನ ಜೊತೆ ಮನೆಗೆ ಕಳಿಸ್ತಾರೆ,” ಎಂದು ಹೇಳಿ ನವೀನ್ ಜೀಪು ಹತ್ತಿದ.

ಆ ಸಂಜೆ ಸಣ್ಣಸ್ವಾಮಿ ಕುಶಾಲಪ್ಪನಿಗೆ ಫೋನು ಮಾಡಬಹುದಿತ್ತು. ಚಿತ್ರ ಅಲುಗುತ್ತದೆ, ಏನು ಮಾಡಲಿ ಎಂದು ಕೇಳಬಹುದಿತ್ತು. ಮತ್ತೆ ಪಂಪ್‌ಸೆಟ್ ಬುದ್ಧಿ ಎನ್ನಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಟ್ಯೂಬಿನಿಂದ ಹೊಸದಾಗಿ ಎರಡು ತುಂಡು ಕತ್ತರಿಸಿ ಮೋಟಾರಿನ ಅಡಿಗೆ ಇಟ್ಟು, ಮೇಲೆ ಕಪ್ಪು ಟೇಪು ಸುತ್ತಿದ, ಕಾಣಬಾರದು ಎಂದು. ಹಾರಿಸಿ ನೋಡಿದ. ಚಿತ್ರ ಮತ್ತೆ ಬೆಣ್ಣೆಯಾಯಿತು. ಗದ್ದೆಯ ಮೇಲೆ ಅರ್ಧ ಬಾಗಿಸಿ ಮೆಲ್ಲಗೆ ಒಂದು ಸುತ್ತು ಹೊಡೆಸಿದ. ಏನೂ ಆಗಲಿಲ್ಲ. ಅಷ್ಟು ವೇಗಕ್ಕೆ ಏನೂ ಆಗುವಂತಿರಲಿಲ್ಲ.

ಮರುದಿನ ಕೊಯ್ಲಾದ ಗದ್ದೆಯಲ್ಲಿ ಮಾಲೀಕರಿದ್ದರು, ನವೀನ್ ಇದ್ದ, ಗ್ಯಾಂಗಿನವರನ್ನು ಅರ್ಧ ಗಂಟೆ ಬಿಟ್ಟಿದ್ದರು. ಕುಶಾಲಪ್ಪ ಹಳೆಯ ವಾಯುಸೇನೆಯ ಟೋಪಿ ಹಾಕಿಕೊಂಡು ಬಂದಿದ್ದ. ಆವತ್ತು ಯಾರನ್ನೂ ಬೈಯಲಿಲ್ಲ, ನಮ್ಮ ಹುಡುಗ ನೋಡಿ ಎಂದು ಮಾಲೀಕರಿಗೆ ಹೇಳುತ್ತಿದ್ದ. ಸಣ್ಣಸ್ವಾಮಿ ಆಗಲೇ ಐವತ್ತು ದಾಟಿದವನು. ವಿಮಾನ ಎದ್ದಿತು. ಮರದ ತುದಿಗಿಂತ ಮೇಲೆ ನಿಂತಿತು. ಪರದೆಯಲ್ಲಿ ನಾವೆಲ್ಲ ಬಿಳಿ ಕಾಳುಗಳಂತೆ ಕಂಡೆವು, ಹೆಂಗಸರು ಕೈ ಬೀಸಿದರು. ಮಾಲೀಕರು ತಲೆದೂಗಿದರು. ಹೋಗಲಿ ಎಂದ ನವೀನ್. ಫ್ಯಾನುಗಳು ಮೆಲ್ಲಗೆ ಬಾಗಿದವು, ವಿಮಾನ ಮುಂದಕ್ಕೆ ಸರಿಯಿತು, ಸದ್ದು ಬದಲಾಯಿತು. ಪೂರ್ತಿ ಬಾಗಿದವು. ಎಸ್ಟೇಟು ಸುತ್ತಿ ಬರುವಷ್ಟು ಬ್ಯಾಟರಿ ಉಳಿಯಬೇಕಾದರೆ ಅದು ಮೊದಲ ಸಲ ಪೂರ್ತಿ ವೇಗಕ್ಕೆ ಹೋಗಬೇಕಿತ್ತು. ಹೋಯಿತು. ನಾನು ನೋಡುತ್ತಿದ್ದೆ, ಎಡಗಡೆಯ ತುದಿ ಮಸುಕಾಯಿತು. ಮಂಜೇನೋ ಅಂದುಕೊಂಡೆ. ಮಂಜಲ್ಲ, ಫ್ಯಾನು ತಲೆ ತೂಗುತ್ತಿತ್ತು. ರೆಕ್ಕೆ ಬಟ್ಟೆ ಕೊಡವಿದ ಹಾಗೆ ಎರಡು ಸಲ ಕೊಡವಿಕೊಂಡು ತುಂಡಾಯಿತು. ಮಿಕ್ಕದ್ದು ತಿರುಗುತ್ತಾ ತಿರುಗುತ್ತಾ ಗದ್ದೆಯಾಚೆಯ ಕಲ್ಲಿನ ಕಟ್ಟೆಗೆ ಬಡಿಯಿತು.

ನವೀನ್ ಮೊದಲು ಓಡಿದ್ದು ಕ್ಯಾಮೆರಾದ ಕಡೆಗೆ. ಅದು ಚೂರಾಗಿತ್ತು. ಕುಶಾಲಪ್ಪ ನಡೆದುಕೊಂಡು ಹೋಗಿ ಎಡ ಮೋಟಾರು ಎತ್ತಿಕೊಂಡ. ಕಪ್ಪು ಟೇಪು ಬಿಚ್ಚಿದ. ಒಳಗಿನ ರಬ್ಬರ್ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಸಣ್ಣಸ್ವಾಮಿಯ ಮುಂದೆ ನಿಂತ.

“ಇದೆಂತ?”

ಕುಶಾಲಪ್ಪ ರಬ್ಬರನ್ನು ಅವನ ಅಂಗಿಯ ಜೇಬಿಗೆ ಹಾಕಿ, ಟೋಪಿ ತೆಗೆದು, ಜೀಪು ಹತ್ತಿ ಹೋದ. ಮಾಲೀಕರೂ ಹೊರಟರು. ಗ್ಯಾಂಗನ್ನು ರೈಟರ್ ಕೆಲಸಕ್ಕೆ ಕರೆದ. ಹೆಂಗಸರು ಹೋಗುವಾಗ ಮಾರಿ ಹಿಂದಿರುಗಿ, ಇನ್ನೊಂದು ಮಾಡು ಪಂಪಣ್ಣ, ನಾವೇನೂ ಎಲ್ಲೂ ಹೋಗಾಕಿಲ್ಲ ಎಂದಳು. ತಮಾಷೆಗೆ ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ ತಿಳಿಯಲಿಲ್ಲ. ಅವನು ಮಾಡಲಿಲ್ಲ. ಅಂಗಡಿಯ ಹಿಂದೆ ಮುರಿದ ರೆಕ್ಕೆಯನ್ನು ಎಸೆದು, ಪಂಪುಗಳಿಗೆ ಮರಳಿದ. ಕೈ ಕುಲುಕಿದ ಒಪ್ಪಂದ ಮುರಿದುಬಿತ್ತು. ನಾವು ಮತ್ತೆ ಅರ್ಜಿ ಕೊಟ್ಟೆವು, ಮತ್ತೆ ಗೇಟಿನ ಮುಂದೆ ಕೂತೆವು, ನವೀನ್ ಮತ್ತೆ ಚಹಾ ಕಳಿಸಿದ. ರೈಟರ್ ಪಟಾಕಿ ಹೊಡೆಯುತ್ತಲೇ ಇದ್ದ.

ರೊಬಸ್ಟಾ ಕೊಯ್ಲು ಅರ್ಧ ಮುಗಿದಿದ್ದಾಗ ಮಾರಿ ಸತ್ತಳು. ಕೆರೆಯ ಹತ್ತಿರದ ಬ್ಲಾಕು, ಬೆಳಗ್ಗೆ, ಮರಿ ಇದ್ದ ಹೆಣ್ಣಾನೆ. ಉಳಿದವರು ಓಡಿದರು. ಮಾರಿಗೆ ಸೊಂಟದಲ್ಲಿ ಗೋಣಿ ಕಟ್ಟಿತ್ತು, ಆಗಲೇ ತುಂಬತೊಡಗಿತ್ತು, ಅವಳು ಅದನ್ನು ಬಿಚ್ಚುತ್ತಿದ್ದಳಂತೆ. ಹಣ್ಣು ಚೆಲ್ಲಿ ಹೋದರೆ ರೈಟರ್ ಬೈಯುತ್ತಾನೆ ಎಂದು ಗೋಣಿಯನ್ನು ನೆಟ್ಟಗೆ ಇಡಲು ನೋಡಿದಳು ಎಂದು ರಾಮಮ್ಮ ಹೇಳಿದಳು. ರಾಮಮ್ಮ ಪಕ್ಕದ ಗಿಡದಲ್ಲಿದ್ದಳು. ನಾವು ಶವವನ್ನು ರಸ್ತೆಯಲ್ಲಿಟ್ಟು ಕೂತೆವು. ಬಸ್ಸುಗಳು ನಿಂತವು. ಅಧಿಕಾರಿಗಳು ಬಂದರು, ಪರಿಹಾರ ಎಂದರು, ಆನೆ ಹಿಡಿಯುತ್ತೇವೆ ಎಂದರು. ಸಂಜೆಗೆ ಎದ್ದೆವು. ನಮಗೂ ಅವರಿಗೂ ಇದು ಬಾಯಿಪಾಠವಾಗಿಬಿಟ್ಟಿದೆ, ಯಾರು ಯಾವಾಗ ಏನು ಹೇಳಬೇಕು ಎಂಬುದು ಎಲ್ಲರಿಗೂ ಗೊತ್ತು.

ವಿಮಾನ ಹಾರಿದ್ದರೆ ಮಾರಿ ಬದುಕುತ್ತಿದ್ದಳೇ ಎಂದು ಜನ ಕೇಳುತ್ತಾರೆ. ಹಾಗೆ ಲೆಕ್ಕ ಹಾಕುವುದು ನನಗೆ ಹಿಡಿಸುವುದಿಲ್ಲ. ಎಸ್ಟೇಟು ತನ್ನ ಕೆಲಸಗಾರರ ಜೀವವನ್ನು ಒಬ್ಬ ಪಂಪು ಮೆಕ್ಯಾನಿಕ್ಕಿನ ಕೈಗೆ ಕೊಟ್ಟು ಕೈ ತೊಳೆದುಕೊಂಡದ್ದು ಮೊದಲ ತಪ್ಪು. ಆದರೆ ಇಷ್ಟು ಮಾತ್ರ ನಿಜ, ಒಪ್ಪಂದ ಉಳಿದಿದ್ದರೆ ಆ ಹೊತ್ತಿಗೆ ಅವಳು ಲೈನಿನ ಮುಂದೆ ಕೂತು ಎಲೆಅಡಿಕೆ ಜಗಿಯುತ್ತಿದ್ದಳು. ಸಣ್ಣಸ್ವಾಮಿಗೂ ಇದು ಗೊತ್ತಿತ್ತು. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ರಾಮಮ್ಮ ಕೂಡ ಹೇಳಲಿಲ್ಲ.

ಮಾರಿಯ ಮಣ್ಣಾದ ಮೇಲೆ ಒಂದು ಮಧ್ಯಾಹ್ನ ಕುಶಾಲಪ್ಪ ಅಂಗಡಿಗೆ ಬಂದ. ವಿಮಾನ ಮುರಿದ ದಿನದಿಂದ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತ. ಆಮೇಲೆ ಸಣ್ಣಸ್ವಾಮಿಯೇ ಬಾಯಿ ಬಿಟ್ಟ, ಚಿತ್ರ ಅಲುಗ್ತಿತ್ತು ಸಾರ್, ಅದಕ್ಕೇ ಹಾಕಿದೆ ಎಂದ.

“ರಬ್ಬರ್ ಬೇಕಿತ್ತು ಕಣೋ. ಮೋಟಾರಿನ ಅಡಿಗಲ್ಲ, ಕ್ಯಾಮೆರಾದ ಅಡಿಗೆ. ಅಷ್ಟೇ ಇದ್ದದ್ದು,” ಎಂದ ಕುಶಾಲಪ್ಪ. ಆಮೇಲೆ, “ನಾನು ಬೈಯದೇ ಹೇಳಿದ್ದರೆ ನೀನು ಕೇಳ್ತಿದ್ದೆ,” ಎಂದ.

“ಬೈದ್ರೂ ಕೇಳ್ಬೇಕಾಗಿತ್ತು ಸಾರ್.”

ಇಬ್ಬರೂ ಸೇರಿ ಮತ್ತೊಂದು ಕಟ್ಟಿದರು. ಮೋಟಾರನ್ನು ಬೆರಳಲ್ಲ, ಸನ್ನೆಕೋಲು ಹಾಕಿದರೂ ಅಲುಗದ ಹಾಗೆ ಬಿಗಿದರು. ರೆಕ್ಕೆಯೊಳಗೆ ಪೈಪು ಒಂದಿದ್ದದ್ದು ಎರಡಾಯಿತು. ಕ್ಯಾಮೆರಾ ಇರಲಿಲ್ಲ, ಅದರ ಜಾಗದಲ್ಲಿ ಸಣ್ಣಸ್ವಾಮಿ ತನ್ನ ಮೊಬೈಲನ್ನೇ ಕಟ್ಟಿದ, ಅದರ ಅಡಿಗೆ ಟ್ಯೂಬಿನ ತುಂಡು. ಕಾಫಿ ಹೂ ಅರಳಿಸುವ ಮಳೆ ಬೀಳುವ ಮೊದಲು ಅದೇ ಗದ್ದೆಯಲ್ಲಿ ಹಾರಿಸಿದರು. ನಾವು ಮೂವರೇ ಇದ್ದದ್ದು. ಎದ್ದಿತು, ಬಾಗಿತು, ಹೋಯಿತು. ಗುಡ್ಡದ ಹಿಂದೆ ಸದ್ದು ಅಡಗಿತು. ಬಹಳ ಹೊತ್ತಾಯಿತು. ಆಮೇಲೆ ಬೇರೆ ಗುಡ್ಡದ ಮೇಲಿನಿಂದ ಬಂದು, ಫ್ಯಾನು ಎತ್ತಿಕೊಂಡು, ಕಾಲ ಬುಡದಲ್ಲಿ ಇಳಿಯಿತು. ಮೊಬೈಲಿನಲ್ಲಿ ಎಸ್ಟೇಟೆಲ್ಲ ಇತ್ತು, ಕೆರೆ ಇತ್ತು, ಕೆರೆಯ ಹತ್ತಿರದ ಆ ಬ್ಲಾಕಿನಲ್ಲಿ ಗೋಣಿ ಕಟ್ಟಿದ ಹೆಂಗಸರು ಚುಕ್ಕೆ ಚುಕ್ಕೆಯಾಗಿ ಇದ್ದರು. ಒಂದಿಷ್ಟೂ ಅಲುಗಿರಲಿಲ್ಲ. ಕುಶಾಲಪ್ಪ, ಹಾರಿತು ಎಂದ. ಸಣ್ಣಸ್ವಾಮಿ ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಉಜ್ಜಿಕೊಂಡ. ಅದು ಸಂತೋಷದ ಮುಖವಲ್ಲ.

ಮೊಬೈಲು ತೆಗೆದುಕೊಂಡು ನವೀನನ ಆಫೀಸಿಗೆ ಹೋದೆವು. ಅವನು ಪೂರ್ತಿ ನೋಡಿದ, ಎರಡು ಸಲ ನೋಡಿದ. ಬಹಳ ಚೆನ್ನಾಗಿದೆ ಎಂದ. ಮಾಲೀಕರು ಒಮ್ಮೆ ನೋಡಿದ್ದು ಸಾಕು ಎನ್ನುತ್ತಾರೆ, ಇನ್ನೊಂದು ಕ್ಯಾಮೆರಾ ಕೇಳಲು ತನಗೆ ಮುಖವಿಲ್ಲ ಎಂದ. ಈಗ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜು ಬರುತ್ತದಲ್ಲ ಎಂದ. ಮೆಸೇಜು ಬರುವುದು ಕೊರಳಿಗೆ ರೇಡಿಯೋ ಪಟ್ಟಿ ಹಾಕಿದ ಆನೆಯದ್ದು ಮಾತ್ರ. ಮಾರಿಯನ್ನು ಕೊಂದದ್ದಕ್ಕೆ ಪಟ್ಟಿ ಇರಲಿಲ್ಲ. ನಾನು ಅದನ್ನು ಹೇಳಿದೆ. ನವೀನ್ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ ಕೂತ.

ವಿಮಾನ ಈಗ ಕುಶಾಲಪ್ಪನ ಕಾಫಿ ಗೋದಾಮಿನಲ್ಲಿದೆ. ಸಣ್ಣಸ್ವಾಮಿ ಅದನ್ನು ನೋಡಲು ಹೋಗುವುದಿಲ್ಲ.

ಈ ಸಲದ ಪಿಕ್ಕಿಂಗ್ ಶುರುವಾದಾಗ ಅಂಗಡಿಯ ಬಾಗಿಲು ಬೆಳಗ್ಗೆ ಹಾಕಿರುವುದು ಕಂಡಿತು. ಗಿರಾಕಿಗಳು ಬಂದು ಪಂಪು ಇಟ್ಟುಕೊಂಡು ಬೆಂಚಿನ ಮೇಲೆ ಕಾಯುತ್ತಿದ್ದರು. ವಿಚಾರಿಸಿದರೆ ಸ್ವಾಮಿ ಎಸ್ಟೇಟಿಗೆ ಹೋಗಿದ್ದಾನೆ ಎಂದರು. ನಾನು ಹೋಗಿ ನೋಡಿದೆ. ಗ್ಯಾಂಗಿನ ಮುಂದೆ ಅವನು ನಡೆಯುತ್ತಿದ್ದ, ಕೈಯಲ್ಲಿ ಒಂದು ಎಣ್ಣೆ ಡಬ್ಬ, ಒಂದು ಕೋಲು. ಯಾರೂ ಹೇಳಿರಲಿಲ್ಲ, ಯಾವ ಹಾಜರಿಯಲ್ಲೂ ಅವನ ಹೆಸರಿಲ್ಲ. ನನಗೆ ರೇಗಿತು. ನಾವು ಇಷ್ಟು ವರ್ಷ ಕೇಳಿದ್ದು ಕಾವಲನ್ನು ಎಸ್ಟೇಟು ಇಡಬೇಕು ಎಂದು. ಇವನು ತನ್ನ ಪಶ್ಚಾತ್ತಾಪವನ್ನು ತಂದು ಅವರಿಗೆ ಪುಕ್ಕಟೆ ಕೊಟ್ಟುಬಿಟ್ಟಿದ್ದ. ಇನ್ನು ನಾವು ಗೇಟಿನ ಮುಂದೆ ಕೂತರೆ ನವೀನ್ ಏನು ಹೇಳಬಹುದು ಎಂದು ನನಗೆ ಈಗಲೇ ಕೇಳಿಸುತ್ತಿತ್ತು. ಅದನ್ನೆಲ್ಲ ಅಲ್ಲೇ ನಿಂತು ಬಿಡಿಸಿ ಹೇಳಿದೆ. ನೀನು ಸತ್ತರೆ ಪರಿಹಾರವೂ ಇಲ್ಲ, ನೀನು ಇಲ್ಲಿಯ ಕೆಲಸಗಾರನೇ ಅಲ್ಲ ಎಂದೆ.

ಅವನು ಕೇಳಿಸಿಕೊಂಡ. ನೀವು ಹೇಳೋದು ಸರಿ ಅಣ್ಣ ಎಂದ. ಗೋಣಿ ಕಟ್ಟಿಕೊಳ್ಳುತ್ತಿದ್ದ ರಾಮಮ್ಮ ನನ್ನ ಹತ್ತಿರ ಬಂದಳು.

“ಬಯ್ಬ್ಯಾಡಿ ಅಣ್ಣ. ನಾ ಬೈದು ಬೈದು ಸಾಕಾಗದೆ. ಮನೇಲಿ ಕೂರುಸ್ದ್ರೆ ಆ ಮನ್ಸ ನಿದ್ದೆನೂ ಮಾಡಲ್ಲ, ನಂಗೂ ಮಾಡಕ್ ಬುಡಲ್ಲ.”

ಸಣ್ಣಸ್ವಾಮಿ ಆಗಲೇ ಸಾಲಿನೊಳಗೆ ಹೋಗಿದ್ದ. ಗಿಡಗಳು ಅವನ ತಲೆಗಿಂತ ಎತ್ತರ, ಮಂಜು ಇನ್ನೂ ಬಿಟ್ಟಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಂತು ಕಿವಿ ಕೊಡುತ್ತಿದ್ದ, ಡಬ್ಬ ಬಡಿಯುತ್ತಿದ್ದ, ಮತ್ತೆ ನಿಲ್ಲುತ್ತಿದ್ದ. ಅಷ್ಟು ದಟ್ಟದಲ್ಲಿ ಎರಡು ಗಿಡದ ಆಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ, ಅವನಿಗೂ ಕಾಣುತ್ತಿರಲಿಲ್ಲ. ಆದರೂ ಕೈ ಎತ್ತಿ, ಬನ್ನಿ ಎಂದ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ರಾಮಮ್ಮ ಮೊದಲು ಹೋದಳು.